ಎದೆಯುರಿ ಬರುವ ಹೊತ್ತು: ಆಮ್ಲದ ಹಿಮ್ಮುಖ ಹರಿವನ್ನು ಗುರುತಿಸುವ ಬಗೆ



ಎದೆಯುರಿ ಎಂದು ಬಂದವರನ್ನು ಕೂರಿಸಿ ನಾನು ಮೊದಲು ಕೇಳುವುದು, ಎಲ್ಲಿ ಉರಿಯುತ್ತದೆ ಅನ್ನುವುದನ್ನು ಬಾಯಲ್ಲಿ ಹೇಳಬೇಡಿ, ಕೈಯಲ್ಲಿ ತೋರಿಸಿ ಎಂದು. ಒಬ್ಬರು ಅಂಗೈಯನ್ನು ಬಿಡಿಸಿ, ಪಕ್ಕೆಲುಬುಗಳು ಕೂಡುವ ಕುಳಿಯ ಮೇಲಿಟ್ಟು ನೆಟ್ಟಗೆ ಗಂಟಲಿನ ತನಕ ಎಳೆಯುತ್ತಾರೆ. ಇನ್ನೊಬ್ಬರು ಹೊಟ್ಟೆಯ ಮೇಲುಭಾಗದಲ್ಲಿ ಒಂದೇ ಜಾಗಕ್ಕೆ ಬೆರಳು ಒತ್ತಿ ತೋರಿಸುತ್ತಾರೆ. ಮತ್ತೊಬ್ಬರು ಮುಷ್ಟಿ ಕಟ್ಟಿ ಎದೆಯ ನಡುಮಧ್ಯೆ ಇಟ್ಟುಕೊಳ್ಳುತ್ತಾರೆ. ಮೊದಲನೆಯ ಕೈ ಬಹುಮಟ್ಟಿಗೆ ಅನ್ನನಾಳದ ಕಥೆ ಹೇಳುತ್ತಿದೆ. ಎರಡನೆಯದು ಹೊಟ್ಟೆಯ ಹುಣ್ಣಿನದಿರಬಹುದು. ಮೂರನೆಯದಕ್ಕೆ ಅಮೆರಿಕದ ಹೃದ್ರೋಗ ತಜ್ಞ ಸ್ಯಾಮ್ಯುಯೆಲ್ ಲೆವಿನ್ ಅವರ ಹೆಸರೇ ಇದೆ. ಆ ಮುಷ್ಟಿ ಕಂಡರೆ ನಾವು ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇಸಿಜಿಗೆ ಕಳಿಸುತ್ತೇವೆ. ಕೈ ಹೇಳಿದ್ದೆಲ್ಲ ನಿಜವಾಗಬೇಕೆಂದಿಲ್ಲ. ಹೃದಯಾಘಾತವಾದವರಲ್ಲಿ ಅನೇಕರು ಮುಷ್ಟಿ ಕಟ್ಟುವುದೇ ಇಲ್ಲ. ಆದರೂ ವಿಚಾರಣೆ ಅಲ್ಲಿಂದ ಶುರುವಾದರೆ ಒಳ್ಳೆಯದು.

ಈ ಹೊತ್ತು ನಾನು ಹೇಳಬೇಕೆಂದು ಬಂದಿರುವುದು ಒಂದು ಮಾತು. ಉರಿ ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಅದು ಯಾವ ಹೊತ್ತಿನಲ್ಲಿ, ಮೈ ಯಾವ ಭಂಗಿಯಲ್ಲಿದ್ದಾಗ, ಏನು ಮಾಡುತ್ತಿದ್ದಾಗ ಬರುತ್ತದೆ ಅನ್ನುವುದು ಮುಖ್ಯ. ಅದನ್ನು ಗಮನಿಸಿಕೊಂಡು ಬಂದ ರೋಗಿ ಅರ್ಧ ರೋಗನಿರ್ಣಯವನ್ನು ತಾನೇ ಮಾಡಿಕೊಂಡು ಬಂದಿರುತ್ತಾರೆ. ‘ಡಾಕ್ಟ್ರೇ, ಸಿಕ್ಕಾಪಟ್ಟೆ ಗ್ಯಾಸ್ಟ್ರಿಕ್’ ಎಂದಷ್ಟೇ ಹೇಳುವವರಿಂದ ನಮಗೆ ಏನೂ ತಿಳಿಯುವುದಿಲ್ಲ. ‘ರಾತ್ರಿ ಊಟ ಮಾಡಿ ಮಲಗಿದ ಗಂಟೆಗೆ ಗಂಟಲಿಗೆ ಹುಳಿನೀರು ಬರುತ್ತದೆ, ಎದ್ದು ಕೂತರೆ ಇಳಿಯುತ್ತದೆ’ ಎಂದವರು ಎಲ್ಲವನ್ನೂ ಹೇಳಿಯಾಯಿತು.

ಹೀಗೇಕೆ ಅನ್ನುವುದಕ್ಕೆ ಒಳಗಿನ ರಚನೆಯನ್ನು ಸ್ವಲ್ಪ ನೋಡಬೇಕು. ಗಂಟಲಿನಿಂದ ಜಠರಕ್ಕೆ ಇಳಿಯುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತನೆಯ ಕೊಳವೆ. ಅದರ ಕೆಳತುದಿಯ ಮೂರು ನಾಲ್ಕು ಸೆಂಟಿಮೀಟರಿನಷ್ಟು ಭಾಗದಲ್ಲಿ ಸ್ನಾಯು ಸದಾ ಬಿಗಿಹಿಡಿದುಕೊಂಡಿರುತ್ತದೆ. ತುತ್ತು ಬಂದಾಗ ಸಡಿಲವಾಗಿ ಬಿಟ್ಟುಕೊಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುಪರದೆಯು ಅದೇ ಜಾಗವನ್ನು ಹೊರಗಿನಿಂದ ಅಮುಕಿ ಹಿಡಿದಿರುತ್ತದೆ. ಈ ಎರಡು ಬಿಗಿತಗಳು ಒಂದರ ಮೇಲೊಂದು ಕೂತಿರುವ ತನಕ ಕಾವಲು ಗಟ್ಟಿ. ವಪೆಯ ರಂಧ್ರ ಅಗಲವಾಗಿ ಜಠರದ ಮೇಲುಭಾಗ ಎದೆಯೊಳಕ್ಕೆ ಜಾರಿದರೆ, ಅಂದರೆ ಹಯಾಟಸ್ ಹರ್ನಿಯಾ ಆದರೆ, ಎರಡೂ ಬೇರೆ ಬೇರೆಯಾಗಿ ಕಾವಲು ಸಡಿಲವಾಗುತ್ತದೆ.

ಜಠರ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ರಸವನ್ನು ಸುರಿಸುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು 1824ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ ತೋರಿಸಿದರು. ಜಠರದ ಒಳಗೋಡೆಗೆ ಲೋಳೆಯ ದಪ್ಪ ಹೊದಿಕೆ ಇರುವುದರಿಂದ ಆಮ್ಲ ಅದನ್ನು ಸುಡುವುದಿಲ್ಲ. ಅನ್ನನಾಳಕ್ಕೆ ಅಂಥ ಹೊದಿಕೆ ಇಲ್ಲ. ಮೇಲೆ ಬಂದ ಆಮ್ಲವನ್ನು ಅದು ಎರಡು ಉಪಾಯಗಳಿಂದ ತೊಳೆದುಕೊಳ್ಳುತ್ತದೆ. ಒಂದು, ನುಂಗುವಾಗ ಮೇಲಿನಿಂದ ಕೆಳಕ್ಕೆ ಸಾಗುವ ಅಲೆ. ಇನ್ನೊಂದು, ಆಮ್ಲವನ್ನು ತಣಿಸುವ ಕ್ಷಾರಗುಣದ ಜೊಲ್ಲು. ನಿದ್ದೆಯಲ್ಲಿ ನಾವು ಹೆಚ್ಚುಕಡಿಮೆ ನುಂಗುವುದೇ ಇಲ್ಲ, ಜೊಲ್ಲೂ ಒಣಗುತ್ತದೆ, ಮೈ ಅಡ್ಡವಾಗಿರುವುದರಿಂದ ಆಮ್ಲ ತಾನಾಗಿ ಕೆಳಗಿಳಿಯುವ ಅನುಕೂಲವೂ ಹೋಗುತ್ತದೆ. ಹಗಲಿನಲ್ಲಿ ಒಂದೆರಡು ನಿಮಿಷದಲ್ಲಿ ತೊಳೆದುಹೋಗುವ ಆಮ್ಲ ರಾತ್ರಿ ಬಹಳ ಹೊತ್ತು ಅಲ್ಲೇ ಉಳಿಯುತ್ತದೆ. ಅದಕ್ಕೇ ರಾತ್ರಿ ನಿದ್ದೆಯಿಂದ ಎಬ್ಬಿಸುವ ಉರಿಯನ್ನು ನಾವು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ.

ಬಹುಕಾಲ ವೈದ್ಯರು ಈ ಸ್ನಾಯು ಶಾಶ್ವತವಾಗಿ ದುರ್ಬಲವಾಗುವುದರಿಂದಲೇ ರೋಗ ಬರುತ್ತದೆ ಎಂದು ನಂಬಿದ್ದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ವೈಲಿ ಡಾಡ್ಸ್, ಜಾನ್ ಡೆಂಟ್ ಮತ್ತು ಸಂಗಡಿಗರು ಅನ್ನನಾಳದ ಒಳಗಿನ ಒತ್ತಡವನ್ನು ಅಳೆಯುತ್ತ ಕೂತಾಗ ಬೇರೆಯೇ ಸಂಗತಿ ಕಂಡಿತು. ಏನನ್ನೂ ನುಂಗದಿದ್ದರೂ ಆ ಸ್ನಾಯು ಆಗಾಗ ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಪೂರ್ತಿ ಸಡಿಲವಾಗುತ್ತಿತ್ತು. ಇದು ಆರೋಗ್ಯವಂತರಲ್ಲೂ ಆಗುತ್ತದೆ. ತೇಗು ಹೊರಬರುವುದು ಈ ದಾರಿಯಿಂದಲೇ. ಜಠರ ಉಬ್ಬಿದಷ್ಟೂ ಈ ಸಡಿಲಿಕೆ ಹೆಚ್ಚು. ಕೆಲವರಲ್ಲಿ ಆ ಸಂದಿನಲ್ಲಿ ಬರಿಯ ಗಾಳಿ ಬರುತ್ತದೆ, ಕೆಲವರಲ್ಲಿ ಗಾಳಿಯ ಜೊತೆ ಆಮ್ಲವೂ ಬರುತ್ತದೆ. ಊಟವಾದ ಮೇಲೆ ಉರಿ ಅನ್ನುವವರಿಗೆ ಸೋಡಾ ಕುಡಿಸಿ ತೇಗು ಬರಿಸುವ ರೂಢಿ ನಮ್ಮಲ್ಲಿದೆ. ತೇಗು ಬಂದಾಗ ಹೊಟ್ಟೆ ಹಗುರವಾದಂತೆ ಅನ್ನಿಸುವುದೂ ನಿಜ. ಆದರೆ ಉಬ್ಬರಿಸಿ ತೇಗು ಬರಿಸುವ ಪ್ರತಿ ಸಲವೂ ನಾವು ಆಮ್ಲಕ್ಕೆ ಬಾಗಿಲು ತೆರೆದುಕೊಡುತ್ತಿದ್ದೇವೆ.

ಇನ್ನೊಂದು ಪ್ರಶ್ನೆ ಬುದ್ಧಿವಂತ ಕೇಳುಗರಿಗೆ ಬಂದೇ ಬರುತ್ತದೆ. ಊಟ ಆಮ್ಲವನ್ನು ಹೀರಿಕೊಂಡು ತೆಳುಮಾಡಬೇಕಲ್ಲ, ಊಟವಾದ ಮೇಲೆಯೇ ಉರಿ ಏಕೆ? ಇದಕ್ಕೆ ಉತ್ತರ ಸಿಕ್ಕಿದ್ದು 2001ರಲ್ಲಿ, ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿ. ಉಂಡ ಅನ್ನ ಜಠರದ ತಳದಲ್ಲಿ ಕೂರುತ್ತದೆ. ಹೊಸದಾಗಿ ಸುರಿದ ಆಮ್ಲ ಅದರೊಡನೆ ಬೆರೆಯದೆ ಮೇಲ್ಗಡೆ, ಅನ್ನನಾಳದ ಬಾಯಿಯ ಹತ್ತಿರವೇ ಪದರವಾಗಿ ನಿಲ್ಲುತ್ತದೆ ಎಂದು ಕೆನೆತ್ ಮೆಕಾಲ್ ಅವರ ತಂಡ ಕಂಡುಕೊಂಡಿತು. ಉಂಡ ಕೂಡಲೇ ಬಗ್ಗಿದರೆ, ಮಲಗಿದರೆ ಮೊದಲು ಹೊರಗೆ ಚೆಲ್ಲುವುದು ಆ ಪದರ.

ಈಗ ಲಕ್ಷಣಗಳನ್ನು ಈ ಬೆಳಕಿನಲ್ಲಿ ನೋಡೋಣ. ಮುಖ್ಯವಾದವು ಎರಡೇ: ಎದೆಮೂಳೆಯ ಹಿಂದೆ ಕೆಳಗಿನಿಂದ ಮೇಲಕ್ಕೆ ಏರುವ ಉರಿ, ಮತ್ತು ಓಕರಿಕೆಯಾಗಲಿ ವಾಂತಿಯ ಪ್ರಯತ್ನವಾಗಲಿ ಇಲ್ಲದೆ ಹುಳಿ ಅಥವಾ ಕಹಿ ನೀರು, ಒಮ್ಮೊಮ್ಮೆ ಉಂಡದ್ದು, ಗಂಟಲಿಗೆ ಮರಳುವುದು. ಊಟವಾದ ಗಂಟೆ ಎರಡು ಗಂಟೆಯೊಳಗೆ, ಮಲಗಿದಾಗ, ಬಗ್ಗಿ ಕಸ ಗುಡಿಸುವಾಗ, ಗದ್ದೆಯಲ್ಲಿ ನಾಟಿ ಮಾಡುವಾಗ, ಭಾರ ಎತ್ತುವಾಗ ಇವು ಹೆಚ್ಚುತ್ತವೆ. ಎದ್ದು ನಿಂತರೆ, ನೀರು ಕುಡಿದರೆ, ಆಮ್ಲ ತಣಿಸುವ ಗುಳಿಗೆ ಚೀಪಿದರೆ ಇಳಿಯುತ್ತವೆ. ಕೆಲವರಿಗೆ ಬಾಯಿತುಂಬ ಉಪ್ಪುಪ್ಪು ನೀರು ಬುಳುಬುಳನೆ ಊರುತ್ತದೆ. ಅದು ಹೊಟ್ಟೆಯಿಂದ ಬಂದದ್ದಲ್ಲ, ಆಮ್ಲ ತಗುಲಿದ ಅನ್ನನಾಳವನ್ನು ತೊಳೆಯಲು ಬಾಯಿಯೇ ಸುರಿಸಿದ ಜೊಲ್ಲು. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಮಾಧವನಿದಾನವು ಅಮ್ಲಪಿತ್ತವನ್ನು ಬೇರೆಯೇ ರೋಗವಾಗಿ ವರ್ಣಿಸುವಾಗ ಹುಳಿತೇಗು, ಕಹಿತೇಗು, ಎದೆ ಮತ್ತು ಗಂಟಲಿನ ಉರಿಗಳನ್ನು ಒಟ್ಟಿಗೆ ಹೇಳಿದೆ. ಮೇಲ್ಮುಖವಾದದ್ದು, ಕೆಳಮುಖವಾದದ್ದು ಎಂದು ಎರಡಾಗಿ ವಿಂಗಡಿಸಿದೆ. ಆ ಗ್ರಂಥ ಬರೆದವರು ರೋಗಿಗಳ ಮಾತನ್ನು ಕಿವಿಗೊಟ್ಟು ಕೇಳಿದ್ದವರು. ಪಾಶ್ಚಾತ್ಯ ವೈದ್ಯದಲ್ಲಿ ಜಠರರಸ ಮೇಲೆ ಬಂದು ಅನ್ನನಾಳ ಬೇಯುವುದನ್ನು ಒಂದು ರೋಗವೆಂದು ನ್ಯೂಯಾರ್ಕಿನ ಆಷರ್ ವಿಂಕೆಲ್‌ಸ್ಟೀನ್ ಬರೆದದ್ದು 1935ರಲ್ಲಿ.

ಹಬ್ಬದೂಟ ಉಂಡ ರಾತ್ರಿ ಒಂದು ಸಲ ಉರಿ ಬಂದರೆ ರೋಗವೇ? ಅಲ್ಲ. ಜಗತ್ತಿನ ತಜ್ಞರು ಒಟ್ಟುಗೂಡಿ 2006ರಲ್ಲಿ ಒಪ್ಪಿಕೊಂಡ ಮಾಂಟ್ರಿಯಲ್ ವ್ಯಾಖ್ಯೆಯ ಪ್ರಕಾರ, ಹಿಂದಕ್ಕೆ ಹರಿದದ್ದು ಬದುಕಿಗೆ ತೊಂದರೆ ಕೊಡುವಂತಿದ್ದರೆ ಅಥವಾ ತೊಡಕು ತಂದಿದ್ದರೆ ಅದು ರೋಗ. ರೂಢಿಯಲ್ಲಿ, ಸೌಮ್ಯವಾದ ಉರಿಯಾದರೆ ವಾರಕ್ಕೆ ಎರಡು ದಿನ ಅಥವಾ ಹೆಚ್ಚು, ಕಾಡುವಂಥದಾದರೆ ವಾರದಲ್ಲಿ ಒಂದು ದಿನಕ್ಕಿಂತ ಹೆಚ್ಚು ಬರುತ್ತಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಭಾರತೀಯ ಜಠರಕರುಳು ತಜ್ಞರ ಸಂಘದ ಕಾರ್ಯಪಡೆ 3,224 ಜನರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಾರಕ್ಕೊಮ್ಮೆಯಾದರೂ ಎದೆಯುರಿ ಅಥವಾ ಹುಳಿನೀರು ಬರುವವರು ನೂರಕ್ಕೆ 7.6ರಷ್ಟಿದ್ದರು. ಅಂದರೆ ಈ ಸಭಾಂಗಣದಲ್ಲಿ ಇಂಥವರು ಕೆಲವರಾದರೂ ಇದ್ದಾರೆ.

ಉರಿಯ ಜೋರನ್ನು ನಂಬಬೇಡಿ ಎಂದೆನಲ್ಲ, ಅದಕ್ಕೆ ಎರಡು ಕಡೆಯಿಂದಲೂ ಕಾರಣವಿದೆ. ಹುಳಿನೀರು, ಉರಿ ಎಂದು ಎಂಡೋಸ್ಕೋಪಿ ಮಾಡಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಅನ್ನನಾಳ ಕಣ್ಣಿಗೆ ಪೂರ್ತಿ ಚೆನ್ನಾಗಿಯೇ ಕಾಣುತ್ತದೆ. ಆಗ ಅವರಿಗೂ ಮನೆಯವರಿಗೂ ಇದು ಬರೀ ಭ್ರಮೆ ಎಂಬ ಅನುಮಾನ ಬರುತ್ತದೆ. ಭ್ರಮೆಯಲ್ಲ. ಹುಣ್ಣಾಗದೆಯೂ ಅನ್ನನಾಳದ ನರಗಳು ಆಮ್ಲಕ್ಕೆ ಕೆರಳುತ್ತವೆ. ಇನ್ನೊಂದು ಕಡೆ, ವರ್ಷಾನುಗಟ್ಟಲೆ ಆಮ್ಲ ತಗುಲಿ ಅನ್ನನಾಳದ ಒಳಪೊರೆ ಕರುಳಿನ ಪೊರೆಯಂತೆ ಬದಲಾದವರಿಗೆ ಉರಿ ಕಡಿಮೆಯಾಗಿಬಿಡಬಹುದು. 1950ರಲ್ಲಿ ಇದರ ಬಗ್ಗೆ ಬರೆದ ಲಂಡನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಅವರ ಹೆಸರನ್ನೇ ಆ ಬದಲಾವಣೆಗೆ ಇಡಲಾಗಿದೆ. ಅದು ಮುಂದೆ ಕ್ಯಾನ್ಸರಿಗೆ ತಿರುಗುವ ಸಂಭವ ಸಣ್ಣದಾದರೂ ಇದೆ. ಹತ್ತು ವರ್ಷ ಉರಿ ಅನುಭವಿಸಿ ‘ಈಗ ತಾನಾಗಿಯೇ ಹೋಯ್ತು’ ಎಂದು ಸಂತೋಷಪಡುವ ಹಿರಿಯರನ್ನು, ಅದರಲ್ಲೂ ದಪ್ಪಹೊಟ್ಟೆಯ, ಬೀಡಿ ಸಿಗರೇಟು ಸೇದುವ ಗಂಡಸರನ್ನು, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ಇನ್ನು ಹೃದಯದ ಮಾತು. ಇವತ್ತಿನ ಉಪನ್ಯಾಸದಲ್ಲಿ ಇದೊಂದನ್ನು ಮನೆಗೆ ಒಯ್ದರೂ ನನಗೆ ಸಾಕು.

ಹೃದಯವೂ ಅನ್ನನಾಳವೂ ಎದೆಯೊಳಗೆ ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಎರಡರ ನೋವಿನ ಸುದ್ದಿಯನ್ನು ಬೆನ್ನುಹುರಿಗೆ ಸಾಗಿಸುವ ನರಗಳ ದಾರಿಯೂ ಬಹುಪಾಲು ಒಂದೇ. ಮಿದುಳಿಗೆ ಎಷ್ಟೋ ಸಲ ಯಾರು ಕೂಗುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಹೃದಯದ ಕೆಳಗೋಡೆ ವಪೆಯ ಮೇಲೆಯೇ ಕೂತಿದೆ. ಆ ಗೋಡೆಗೆ ರಕ್ತ ನಿಂತಾಗ ನೋವು ಹೊಟ್ಟೆಯ ಮೇಲುಭಾಗದಲ್ಲಿ ಕಾಣಿಸಿಕೊಳ್ಳುತ್ತದೆ, ವಾಂತಿ ಬರುತ್ತದೆ, ತೇಗೂ ಬರುತ್ತದೆ. ಮನೆಯಲ್ಲಿ ಜೀರಿಗೆ ಕಷಾಯ ಕಾಯುತ್ತದೆ, ಇನ್ನೊಬ್ಬರು ಈನೋ ಪುಡಿ ಕಲಸುತ್ತಾರೆ, ಅಷ್ಟರಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಬ್ಬಸ, ಹೊಟ್ಟೆ ತೊಳಸಿನ ರೂಪದಲ್ಲಿ ಹೃದಯಾಘಾತ ಬರುವುದುಂಟು. ಭಾರತೀಯರಿಗೆ ಹೃದಯದ ರಕ್ತನಾಳದ ಕಾಯಿಲೆ ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿಗೇ ಬರುತ್ತದೆ ಅನ್ನುವುದನ್ನೂ ನೆನಪಿಡಿ.

ಬೇರ್ಪಡಿಸುವ ಗುರುತುಗಳು ಇಲ್ಲವೇ? ಇವೆ. ಮತ್ತೆ ಹೊತ್ತು ಮತ್ತು ಭಂಗಿಯೇ. ಮೆಟ್ಟಿಲು ಹತ್ತುವಾಗ, ದಿಬ್ಬ ಏರುವಾಗ, ವೇಗವಾಗಿ ನಡೆಯುವಾಗ ಬಂದು, ನಿಂತ ನಾಲ್ಕೈದು ನಿಮಿಷಕ್ಕೆ ಇಳಿಯುವ ಬಿಗಿತ ಹೃದಯದ್ದು. ಮಲಗಿದಾಗ ಬಂದು, ಎದ್ದಾಗ ಇಳಿಯುವ ಉರಿ ಅನ್ನನಾಳದ್ದು. ಆದರೆ ಇಲ್ಲಿ ಒಂದು ಬಲೆ ಇದೆ. ಹೊಟ್ಟೆ ತುಂಬ ಉಂಡು ನಡೆಯುವಾಗ ಬರುವ ಎದೆಯ ಹಿಡಿತವನ್ನು ಎಲ್ಲರೂ ಊಟದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಉಂಡ ಮೇಲೆ ಹೃದಯಕ್ಕೆ ಕೆಲಸ ಹೆಚ್ಚು. ಊಟವಾದ ಮೇಲಿನ ನಡಿಗೆಯಲ್ಲೇ ಹೃದಯದ ನೋವು ಮೊದಲು ತಲೆ ತೋರಿಸುವುದು ಸಾಮಾನ್ಯ. ಗುಳಿಗೆ ಚೀಪಿದ ಮೇಲೆ ಕಡಿಮೆಯಾಯಿತು, ಆದ್ದರಿಂದ ಅದು ಗ್ಯಾಸ್ಟ್ರಿಕ್ಕೇ ಎನ್ನುವ ತರ್ಕವೂ ನಿಲ್ಲುವುದಿಲ್ಲ. ಹೃದಯದ ನೋವು ತಾನಾಗಿ ಏರಿಳಿಯುತ್ತದೆ. ಗುಳಿಗೆ ಸೇವಿಸಿದ ಹೊತ್ತಿಗೆ ಇಳಿದಿರಬಹುದು. ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟಾಗ ಕಡಿಮೆಯಾಯಿತು, ಹಾಗಾಗಿ ಹೃದಯದ್ದೇ ಎನ್ನುವಂತೆಯೂ ಇಲ್ಲ. ಆ ಔಷಧ ಅನ್ನನಾಳದ ಸೆಳೆತವನ್ನೂ ಸಡಿಲಿಸುತ್ತದೆ.

ಆದ್ದರಿಂದ ನಲವತ್ತು ದಾಟಿದವರು, ಸಕ್ಕರೆ, ಬಿಪಿ, ಧೂಮಪಾನದ ಹಿನ್ನೆಲೆ ಇರುವ ಯಾವ ವಯಸ್ಸಿನವರೇ ಆಗಲಿ, ಹಿಂದೆಂದೂ ಬಾರದ ಎದೆಯುರಿ ಹದಿನೈದು ಇಪ್ಪತ್ತು ನಿಮಿಷ ಇಳಿಯದಿದ್ದರೆ, ಅಥವಾ ಅದರ ಜೊತೆ ತಣ್ಣನೆಯ ಬೆವರು, ಉಸಿರು ಕಟ್ಟುವುದು, ಎಡತೋಳು ದವಡೆ ಬೆನ್ನಿಗೆ ಹರಡುವ ನೋವು ಇದ್ದರೆ ಕೂಡಲೇ, ತಮ್ಮ ಗಾಡಿ ತಾವೇ ಓಡಿಸದೆ, 108ಕ್ಕೆ ಕರೆಮಾಡಿ ಇಸಿಜಿ ಇರುವ ಕಡೆ ಹೋಗಬೇಕು. ಮೊದಲ ಇಸಿಜಿ ಸರಿಯಾಗಿದ್ದರೂ ವೈದ್ಯರು ಕಾಯಿಸಿ ಇನ್ನೊಂದು ಮಾಡುತ್ತಾರೆ, ಟ್ರೋಪೋನಿನ್ ರಕ್ತಪರೀಕ್ಷೆ ಮಾಡುತ್ತಾರೆ. ಸುಮ್ಮನೆ ಹಣ ಕೀಳಲು ಎಂದು ಸಿಟ್ಟಾಗಿ ಎದ್ದು ಬರಬೇಡಿ. ಕರ್ನಾಟಕದಲ್ಲಿ ಈಗ ಇದಕ್ಕೆ ಅನುಕೂಲ ಬೆಳೆದಿದೆ. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಕಡೆಗೆ ಅದು ಬರೀ ಆಮ್ಲ ಎಂದಾದರೆ ನಷ್ಟವಾದದ್ದು ಅರ್ಧ ದಿನ ಮಾತ್ರ.

ಗಂಟಲಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಅಭಿಪ್ರಾಯ ಚಾಲ್ತಿಯಲ್ಲಿರುವ ನಂಬಿಕೆಗೆ ಸ್ವಲ್ಪ ವಿರುದ್ಧ. ಒಣಕೆಮ್ಮು, ಬೆಳಗಿನ ಗೊಗ್ಗರು ದನಿ, ಪದೇ ಪದೇ ಗಂಟಲು ಸರಿಪಡಿಸಿಕೊಳ್ಳುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿರುವುದು, ರಾತ್ರಿ ಹೆಚ್ಚುವ ಉಬ್ಬಸ, ಮೇಲಿನ ಮುಂಹಲ್ಲುಗಳ ಒಳಮೈ ಸವೆಯುವುದು, ಇವೆಲ್ಲ ಆಮ್ಲದಿಂದ ಬರಬಹುದು. ಹಲ್ಲಿನ ಒಳಮೈಯ ಸವೆತವನ್ನು ಮೊದಲು ಕಂಡು ರೋಗಿಯನ್ನು ನಮ್ಮ ಕಡೆ ಕಳಿಸುವ ದಂತವೈದ್ಯರಿಗೆ ನಾನು ಕೃತಜ್ಞ. ಆದರೆ ಎದೆಯುರಿಯೂ ಹುಳಿನೀರೂ ಇಲ್ಲದೆ ಬರೀ ಗಂಟಲಿನ ತೊಂದರೆ ಇದ್ದಾಗ ಅದನ್ನು ಕಣ್ಣುಮುಚ್ಚಿ ಆಮ್ಲದ ತಲೆಗೆ ಕಟ್ಟುವುದು ಸರಿಯಲ್ಲ. ಬ್ರಿಟನ್ನಿನಲ್ಲಿ ಗಂಟಲಿನ ತೊಂದರೆ ಇದ್ದ 346 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು: ಹದಿನಾರು ವಾರ ದಿನಕ್ಕೆರಡು ಸಲ ಲ್ಯಾನ್ಸೊಪ್ರಜೋಲ್ ತೆಗೆದುಕೊಂಡವರಿಗೂ ಔಷಧವಿಲ್ಲದ ಹುಸಿಮಾತ್ರೆ ತೆಗೆದುಕೊಂಡವರಿಗೂ ಗುಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಇರುಳಿಡೀ ಪದ ಹೇಳುವ ಯಕ್ಷಗಾನದ ಭಾಗವತರು, ದಿನಕ್ಕೆ ಆರು ಪೀರಿಯಡ್ ಪಾಠ ಮಾಡುವ ಮೇಷ್ಟ್ರು, ಸಂತೆಯಲ್ಲಿ ಕೂಗಿ ಮಾರುವವರು ದನಿ ಒಡೆದುಕೊಂಡು ಬಂದರೆ ಮೊದಲು ಕಿವಿ ಮೂಗು ಗಂಟಲಿನ ತಜ್ಞರು ಧ್ವನಿತಂತುಗಳನ್ನು ನೋಡಬೇಕು. ಮೂರು ವಾರ ದಾಟಿದ ಗೊಗ್ಗರನ್ನು, ಅದರಲ್ಲೂ ಹೊಗೆಸೊಪ್ಪಿನ ಅಭ್ಯಾಸ ಇರುವವರಲ್ಲಿ, ಗ್ಯಾಸ್ಟ್ರಿಕ್ ಮಾತ್ರೆಯಿಂದ ಮುಚ್ಚುವುದು ಅಪಾಯ.

ಆಮ್ಲದ ವೇಷ ಹಾಕಿಕೊಂಡು ಬರುವ ಬೇರೆ ಕಾಯಿಲೆಗಳೂ ಇವೆ. ಅಕಲೇಶಿಯಾ ಎಂಬ ಕಾಯಿಲೆಯಲ್ಲಿ ಅನ್ನನಾಳದ ಕೆಳಸ್ನಾಯು ಸಡಿಲವಾಗುವ ಬದಲು ತೆರೆಯುವುದೇ ಇಲ್ಲ. ಉಂಡದ್ದು ಮೇಲೆಯೇ ನಿಂತು ರಾತ್ರಿ ಬಾಯಿಗೆ ಬರುತ್ತದೆ, ದಿಂಬು ಒದ್ದೆಯಾಗುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಆಮ್ಲದ ಮಾತ್ರೆ ನುಂಗುತ್ತಿರುತ್ತಾರೆ. ಮರಳಿ ಬಂದದ್ದರ ರುಚಿಯಲ್ಲಿ ಸುಳಿವಿದೆ: ಹುಳಿಯಾಗಿದ್ದರೆ ಜಠರಕ್ಕೆ ಹೋಗಿ ಬಂದದ್ದು, ಉಂಡ ರುಚಿಯಲ್ಲೇ ಮರಳಿದರೆ ಅದು ಜಠರವನ್ನು ಮುಟ್ಟಿಯೇ ಇಲ್ಲ. ಇಂಥವರಿಗೆ ಅನ್ನ ಮಾತ್ರವಲ್ಲ, ನೀರು ನುಂಗಲೂ ಕಷ್ಟ. ಇನ್ನು ಮಾತ್ರೆಯಿಂದ ಆಗುವ ಸುಡುಗಾಯ. ನಮ್ಮ ಕರಾವಳಿ ಮಲೆನಾಡುಗಳಲ್ಲಿ ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿಕೊಂಡು ಸುಡುತ್ತದೆ. ಹಿಂದೆಂದೂ ಉರಿ ಇಲ್ಲದ ಹುಡುಗನಿಗೆ ಬೆಳಗಾಗುವಷ್ಟರಲ್ಲಿ ಜೊಲ್ಲು ನುಂಗಲೂ ಆಗದಷ್ಟು ನೋವು. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಕಬ್ಬಿಣದ ಮಾತ್ರೆಗಳೂ ಹೀಗೆಯೇ. ಲೋಟ ತುಂಬ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂರುವುದು. ಮೆಣಸಿನಕಾಯಿಯ ಖಾರ ಕೂಡ ಆಮ್ಲದ ನೆರವಿಲ್ಲದೆಯೇ ಅನ್ನನಾಳದ ನರಗಳನ್ನು ನೇರವಾಗಿ ಕೆರಳಿಸಬಲ್ಲದು.

ಕಾಯದೆ ಎಂಡೋಸ್ಕೋಪಿಗೆ ಹೋಗಬೇಕಾದ ಗುರುತುಗಳನ್ನು ನಿಧಾನವಾಗಿ ಹೇಳುತ್ತೇನೆ. ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುವುದು: ಮೊದಲು ಮುದ್ದೆ, ಚಪಾತಿ, ತಿಂಗಳು ಕಳೆದಂತೆ ಅನ್ನ, ಆಮೇಲೆ ಗಂಜಿ. ಈ ಅನುಕ್ರಮ ಕಂಡರೆ ಒಂದು ದಿನವೂ ತಡಮಾಡಬಾರದು. ನಮ್ಮ ನಾಡಿನಲ್ಲಿ ಅನ್ನನಾಳದ ಕ್ಯಾನ್ಸರ್ ಹೆಚ್ಚಾಗಿ ಬರುವುದು ಆಮ್ಲದಿಂದಲ್ಲ. ಹೊಗೆಸೊಪ್ಪು, ಬೀಡಿ, ಅಡಿಕೆ, ಹೆಂಡಗಳಿಂದ. ಅವರಲ್ಲಿ ಅನೇಕರಿಗೆ ಮುಂಚೆ ಎದೆಯುರಿಯೇ ಇದ್ದಿರುವುದಿಲ್ಲ. ಪ್ರಯತ್ನವಿಲ್ಲದೆ ತೂಕ ಇಳಿಯುವುದು, ನುಂಗುವಾಗ ನೋವು, ರಕ್ತ ಅಥವಾ ಕಾಫಿಪುಡಿಯಂಥ ವಾಂತಿ, ಡಾಂಬರಿನಂತೆ ಕಪ್ಪಾದ ಅಂಟು ಮಲ, ಕಾರಣ ತಿಳಿಯದ ರಕ್ತಹೀನತೆ, ನಿಲ್ಲದ ವಾಂತಿ, ಅರವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಉರಿ ಅಥವಾ ಅಜೀರ್ಣ ಕೂಡ ಇದೇ ಸಾಲಿಗೆ ಸೇರುತ್ತವೆ. ಕಬ್ಬಿಣದ ಮಾತ್ರೆ ಸೇವಿಸುವವರ ಮಲವೂ ಕಪ್ಪಾಗುತ್ತದೆ. ಗಾಬರಿಯಾಗುವ ಮುಂಚೆ ಅದನ್ನು ವೈದ್ಯರಿಗೆ ಹೇಳಿ. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವವರು ಅದನ್ನೂ ಮುಚ್ಚಿಡದೆ ಹೇಳಬೇಕು.

ಬಸುರಿಯರ ಎದೆಯುರಿ ಬಹಳ ಸಾಮಾನ್ಯ. ಪ್ರೊಜೆಸ್ಟರಾನ್ ಹಾರ್ಮೋನು ಸ್ನಾಯುವನ್ನು ಸಡಿಲಿಸುತ್ತದೆ, ಬೆಳೆಯುವ ಗರ್ಭ ಜಠರವನ್ನು ಒತ್ತುತ್ತದೆ, ಹೆರಿಗೆಯಾದ ಮೇಲೆ ಬಹುಮಟ್ಟಿಗೆ ಹೋಗುತ್ತದೆ. ಆದರೆ ಏಳನೆಯ ಎಂಟನೆಯ ತಿಂಗಳಲ್ಲಿ ಹೊಟ್ಟೆಯ ಮೇಲುಭಾಗದ ನೋವಿನ ಜೊತೆ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಇದ್ದರೆ ಅದು ಏರಿದ ರಕ್ತದೊತ್ತಡದ ಗುರುತು, ಆಸ್ಪತ್ರೆಗೆ ಓಡಬೇಕು. ಎಳೆಗೂಸುಗಳು ಹಾಲು ಕಕ್ಕುವುದು ನಾಲ್ಕು ತಿಂಗಳ ಸುಮಾರಿಗೆ ಹೆಚ್ಚಾಗಿ, ವರ್ಷ ಒಂದೂವರೆ ವರ್ಷದೊಳಗೆ ನಿಲ್ಲುತ್ತದೆ. ಕೂಸು ನಗುತ್ತ, ತೂಕ ಏರಿಸಿಕೊಳ್ಳುತ್ತ ಇದ್ದರೆ ಔಷಧ ಬೇಡ. ಹಸಿರು ವಾಂತಿ, ರಕ್ತ, ತೂಕ ಏರದಿರುವುದು ಕಂಡರೆ ಮಾತ್ರ ಕಾಯಬಾರದು.

ಪಥ್ಯದ ಬಗ್ಗೆ ನಾನು ಉದ್ದಪಟ್ಟಿ ಕೊಡುವುದಿಲ್ಲ. ಕಾಫಿ ಬಿಡಿ, ಹುಳಿ ಬಿಡಿ, ಖಾರ ಬಿಡಿ ಎಂದು ಎಲ್ಲರಿಗೂ ಒಂದೇ ಪಟ್ಟಿ ಹಂಚುವುದಕ್ಕೆ ಆಧಾರ ಸಾಲದು. ನಿಮಗೆ ಯಾವುದು ಉರಿ ತರುತ್ತದೋ ಅದನ್ನು ಬಿಡಿ. ಖಚಿತವಾಗಿ ಕೆಲಸ ಮಾಡುವುದು ನಾಲ್ಕು: ಹೊಟ್ಟೆಯ ಬೊಜ್ಜು ಇಳಿಸುವುದು, ರಾತ್ರಿ ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಕೊಡುವುದು, ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರೇಳು ಅಂಗುಲದಷ್ಟು ಗಟ್ಟಿ ಇಟ್ಟಿಗೆ ಇಡುವುದು, ಎಡಮಗ್ಗುಲಾಗಿ ಮಲಗುವುದು. ಎಡಮಗ್ಗುಲಲ್ಲಿ ಜಠರದ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ. ಬಲಮಗ್ಗುಲಲ್ಲಿ, ಅಡ್ಡ ಮಲಗಿಸಿದ ತುಂಬಿದ ತಂಬಿಗೆಯಂತೆ, ಬಾಯಿಯ ಮೇಲೆಯೇ ಎಲ್ಲ ನಿಲ್ಲುತ್ತದೆ. ದಿಂಬಿನ ಮೇಲೆ ದಿಂಬು ಇಟ್ಟರೆ ಸೊಂಟ ಮಡಚಿ ಹೊಟ್ಟೆ ಇನ್ನಷ್ಟು ಅಮುಕಿಕೊಳ್ಳುತ್ತದೆ. ಬಿಗಿಯಾದ ಬೆಲ್ಟು, ಲಂಗದ ಲಾಡಿಯೂ ಹಾಗೆಯೇ. ಏಳೂವರೆಗೆ ಉಂಡು ಹತ್ತೂವರೆಗೆ ಮಲಗುತ್ತಿದ್ದ ನಮ್ಮ ಹಳ್ಳಿಗಳ ದಿನಚರಿ, ಟೀವಿ ಧಾರಾವಾಹಿ ಮುಗಿದ ಮೇಲೆ ಉಂಡು ಹಾಸಿಗೆಗೆ ಹೋಗುವ ದಿನಚರಿಯಾದದ್ದನ್ನು ನಾವೇ ಸರಿಪಡಿಸಿಕೊಳ್ಳಬಹುದು.

ಕೊನೆಯದಾಗಿ ಮಾತ್ರೆ. 1988ರಲ್ಲಿ ಸ್ವೀಡನ್ನಿನಲ್ಲಿ ಒಮೆಪ್ರಜೋಲ್ ಮಾರುಕಟ್ಟೆಗೆ ಬಂದದ್ದು ಈ ರೋಗದ ಚಿಕಿತ್ಸೆಯನ್ನೇ ಬದಲಿಸಿತು. ಪ್ಯಾಂಟೊಪ್ರಜೋಲ್ ಅದರ ತಮ್ಮ. ಆಮ್ಲ ಸುರಿಸುವ ಪಂಪುಗಳು ಚುರುಕಾಗಿದ್ದಾಗ ಮಾತ್ರ ಇವು ಅವನ್ನು ಹಿಡಿಯಬಲ್ಲವು. ಪಂಪು ಚುರುಕಾಗುವುದು ಊಟದಿಂದ. ಆದ್ದರಿಂದ ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಉರಿ ಬಂದಾಗ ನುಂಗಿದರೆ ಆ ಉರಿಗೆ ಪ್ರಯೋಜನವಿಲ್ಲ. ಪೂರ್ತಿ ಪರಿಣಾಮಕ್ಕೆ ಮೂರು ನಾಲ್ಕು ದಿನ ಬೇಕು. ಸರಿಯಾಗಿ ಎಂಟು ವಾರ ತೆಗೆದುಕೊಂಡೂ ಇಳಿಯದಿದ್ದರೆ ಡೋಸು ಏರಿಸುತ್ತ ಹೋಗುವ ಬದಲು ಇದು ನಿಜಕ್ಕೂ ಆಮ್ಲವೇ ಎಂದು ಕೇಳಿಕೊಳ್ಳಬೇಕು. ಮೂಗಿನ ಮೂಲಕ ತೆಳ್ಳನೆಯ ತಂತಿ ಇಳಿಸಿ 24 ಗಂಟೆ ಆಮ್ಲ ಅಳೆಯುವ ಪರೀಕ್ಷೆ ಇದೆ: ದಿನದ ಹೊತ್ತಿನಲ್ಲಿ ನೂರಕ್ಕೆ ಆರರಷ್ಟಕ್ಕಿಂತ ಹೆಚ್ಚು ಆಮ್ಲ ಅನ್ನನಾಳದಲ್ಲಿದ್ದರೆ ರೋಗ ಖಚಿತ, ನಾಲ್ಕಕ್ಕಿಂತ ಕಡಿಮೆಯಾದರೆ ಸಹಜ.

ಗುಣವಾದ ಮೇಲೆ ನಿಲ್ಲಿಸುವಾಗಲೂ ಒಂದು ತೊಡಕಿದೆ. ಡೆನ್ಮಾರ್ಕಿನಲ್ಲಿ ಯಾವ ಹೊಟ್ಟೆತೊಂದರೆಯೂ ಇಲ್ಲದ 120 ಆರೋಗ್ಯವಂತರನ್ನು ಆರಿಸಿಕೊಂಡು, ಕೆಲವರಿಗೆ ಎಂಟು ವಾರ ಈ ಜಾತಿಯ ಮಾತ್ರೆ ಕೊಟ್ಟು ನಿಲ್ಲಿಸಿದರು. ಮುಂದಿನ ನಾಲ್ಕು ವಾರಗಳಲ್ಲಿ ಅವರಲ್ಲಿ ನೂರಕ್ಕೆ 44 ಜನರಿಗೆ ಉರಿ, ಹುಳಿನೀರು, ಅಜೀರ್ಣ ಕಾಣಿಸಿಕೊಂಡವು. ಹುಸಿಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 15 ಜನರಿಗೆ. 2009ರ ವರದಿ ಇದು. ತಡೆದಿಟ್ಟ ಪಂಪುಗಳು ಒಟ್ಟಿಗೆ ಮೇಲೆದ್ದು ಕೆಲಸ ಮಾಡುವುದೇ ಕಾರಣ. ಹಾಗಾಗಿ ಮಾತ್ರೆ ಬಿಟ್ಟ ಮೊದಲ ವಾರ ಉರಿ ಬಂದರೆ ‘ನೋಡಿ, ಬಿಟ್ಟರೆ ಆಗುವುದೇ ಇಲ್ಲ’ ಎಂದು ಮತ್ತೆ ಹತ್ತು ವರ್ಷಕ್ಕೆ ಶುರುಮಾಡಬೇಡಿ. ನಿಮ್ಮ ವೈದ್ಯರಿಗೆ ಹೇಳಿ ಡೋಸು ಇಳಿಸುತ್ತ, ದಿನಬಿಟ್ಟು ದಿನ ಮಾಡುತ್ತ ಬನ್ನಿ. ನಡುವೆ ಉರಿ ಬಂದರೆ ಆಮ್ಲ ತಣಿಸುವ ದ್ರವ ಸಾಕು. ಅನ್ನನಾಳದಲ್ಲಿ ಆಳವಾದ ಹುಣ್ಣಾದವರು, ಬ್ಯಾರೆಟ್ ಬದಲಾವಣೆ ಇರುವವರು, ಹೃದಯಕ್ಕಾಗಿ ರಕ್ತ ತೆಳುಮಾಡುವ ಎರಡು ಬಗೆಯ ಮಾತ್ರೆ ಸೇವಿಸುವವರು ಮಾತ್ರ ತಾವಾಗಿ ನಿಲ್ಲಿಸಬಾರದು. ಮಿಕ್ಕವರಲ್ಲಿ, ಬಿಟ್ಟು ಒಂದೂವರೆ ತಿಂಗಳು ಕಳೆದರೂ ಊಟದ ಮೇಲೆ, ಮಲಗಿದಾಗ, ಬಗ್ಗಿದಾಗ ಹಳೆಯ ಉರಿಯೇ ಬರುತ್ತಿದ್ದರೆ ಅದು ಮಾತ್ರೆ ಬಿಟ್ಟದ್ದರ ಉರಿಯಲ್ಲ, ರೋಗದ್ದೇ ಉರಿ. ಆಗ ಮತ್ತೆ ವೈದ್ಯರ ಬಳಿ ಬರಬೇಕು.